ಕಿಟಕಿ ಮುಚ್ಚಿಸಿದ ಕೂಲರ್

ಪಕ್ಕದ ಮನೆಯ ಕಾಕಾ ಈ ಬೇಸಿಗೆಗೆ ಹೊಸ ಕೂಲರ್ ತಂದರು. ಬಿಳಿ ಬಣ್ಣ, ಸಪೂರ ಮೈ, ಎದುರಿಗೆ ಕರಿ ಗಾಜು. ಗಾಜಿನ ಮೇಲೆ ಬೆರಳಿಟ್ಟರೆ ನೀಲಿ ಅಂಕಿ ಮೂಡುತ್ತದೆ. ಜೊತೆಗೆ ಒಂದು ರಿಮೋಟ್, ಅದಕ್ಕೆ ಬಿಚ್ಚದೇ ಬಿಟ್ಟ ಪ್ಲಾಸ್ಟಿಕ್ ಕವರ್. "ತಮ್ಮಾ, ನೀ ಡಿಸೈನ್ ಮಾಡಾಂವ ಇದ್ದಿ, ಬಂದು ಒಮ್ಮೆ ನೋಡು" ಎಂದು ಕರೆದರು. ಹೋದೆ. ಕೂಲರ್ ಚಾಲೂ ಮಾಡಿ ಕಾಕಾ ಮೊದಲು ಮಾಡಿದ ಕೆಲಸ ಬಾಗಿಲು ಹಾಕಿದ್ದು. ಆಮೇಲೆ ಎರಡೂ ಕಿಟಕಿ ಮುಚ್ಚಿದರು. ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್ ಮಡಚಿ ಒತ್ತಿದರು. "ಠಂಡಾ ಹೊರಗ ಹೋಗಬಾರದಲ್ಲ" ಎಂದರು. ಕಾಕೂ ತಟ್ಟೆಯಲ್ಲಿ ಚುಡವಾ ತಂದಿಟ್ಟರು. ಹತ್ತು ನಿಮಿಷ ಚೆನ್ನಾಗಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕುತ್ತಿಗೆ ಅಂಟಂಟು, ಹಾಸಿಗೆ ತಂಪಲ್ಲ, ಹಸಿ. ತಟ್ಟೆಯಲ್ಲಿ ಉಳಿದ ಚುಡವಾ ಮೆತ್ತಗಾಗಿತ್ತು. ಕಾಕಾ ರಿಮೋಟ್ ಒತ್ತಿ ಒತ್ತಿ ಅಂಕಿ ಇಳಿಸಿದರು. ಅಂಕಿ ಇಳಿಯಿತು, ಸೆಕೆ ಇಳಿಯಲಿಲ್ಲ. "ಖರಾಬ್ ಮಾಲ್ ಕೊಟ್ಟಾನ ನೋಡು" ಎಂದು ಅಂಗಡಿಯವನಿಗೆ ಬೈದರು.

ಮಾಲ್ ಖರಾಬ್ ಇರಲಿಲ್ಲ. ಕಿಟಕಿ ತೆರೆದ ಮೇಲೆ ಅದೇ ಕೂಲರ್ ಸರಿಯಾಗಿ ಕೆಲಸ ಮಾಡಿತು. ಕೂಲರ್ ಬದುಕುವುದೇ ಒಣ ಗಾಳಿಯ ಮೇಲೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೊಜೂಲ್ ಶಾಖ ಬೇಕು. 1,000 ವ್ಯಾಟ್‌ನ ಹೀಟರನ್ನು 40 ನಿಮಿಷ ಉರಿಸಿದರೆ ಬರುವಷ್ಟು. ಆ ಶಾಖವನ್ನು ನೀರು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ತಣ್ಣಗಾಗುವುದು ಹಾಗೆ. ಆದರೆ ಆ ಗಾಳಿ ಈಗ ಹಸಿಯಾಗಿರುತ್ತದೆ. ಅದನ್ನು ಹೊರಗೆ ಕಳಿಸಿ ಮತ್ತೆ ಒಣ ಗಾಳಿ ಒಳಗೆ ತರಬೇಕು. ಮುಚ್ಚಿದ ಕೋಣೆಯಲ್ಲಿ ಹಸಿ ಗಾಳಿಯೇ ಸುತ್ತಿ ಸುತ್ತಿ ಬಂದು ಇನ್ನಷ್ಟು ಹಸಿಯಾಗುತ್ತದೆ, ನೀರು ಆವಿಯಾಗುವುದೇ ನಿಲ್ಲುತ್ತದೆ. ಎಸಿ ಬೇರೆ. ಅದು ಒಳಗಿನ ಗಾಳಿಯನ್ನೇ ತಿರುಗಿಸಿ ಶಾಖವನ್ನು ಮಾತ್ರ ಹೊರಗೆ ಎಸೆಯುತ್ತದೆ. ಅದಕ್ಕೆ ಬಾಗಿಲು ಮುಚ್ಚಲೇಬೇಕು.

ನನ್ನನ್ನು ಕಾಡಿದ್ದು ಈ ವಿಜ್ಞಾನ ಅಲ್ಲ. ಕಾಕಾಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅವರು ಹುಟ್ಟಿ ಬೆಳೆದಿದ್ದು ಕಲಬುರಗಿಯಲ್ಲೇ. ಪ್ರತಿ ಮಾರ್ಚ್‌ಗೆ ತಗಡಿನ ಕೂಲರ್ ಕೆಳಗಿಳಿಸಿ, ಹುಲ್ಲು ಬದಲಿಸಿ, ಕಿಟಕಿಗೆ ಕೂರಿಸಿದವರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕಿಟಕಿ ಮುಚ್ಚಿ ಕೂಲರ್ ಹಚ್ಚಿದವರಲ್ಲ. ಹಾಗಾದರೆ ಈ ಸಲ ಅವರ ಕೈ ಕಿಟಕಿಗೆ ಹೋಗಿದ್ದು ಯಾಕೆ? ಆ ಯಂತ್ರದ ಮುಖ ನೋಡಿ. ಅದರ ಬಿಳಿ ಮೈ, ನೀಲಿ ಅಂಕಿ, ರಿಮೋಟ್ ಎಲ್ಲವೂ ಎಸಿಯಿಂದ ಎರವಲು ತಂದವು. ಯಂತ್ರ "ನಾನು ಎಸಿ" ಎಂದಿತು, ಕಾಕಾ ನಂಬಿದರು. ನಾನೂ ಇಂಥ ಮುಖಗಳನ್ನು ಮಾಡಿಯೇ ಹೊಟ್ಟೆ ಹೊರೆಯುವವನು. ದಿನವೆಲ್ಲ ಕೂತು ಸ್ಕ್ರೀನ್‌ಗಳ ಚಿತ್ರ ಬರೆಯುತ್ತೇನೆ. ಹಾಗಾಗಿ ಆ ಸಂಜೆಯಿಂದ ಮನೆಯಲ್ಲಿ, ಬಜಾರದಲ್ಲಿ ಕಂಡ ಸಾಮಾನುಗಳ ಮುಖವನ್ನೇ ನೋಡುವ ಚಟ ಹತ್ತಿದೆ.

ಹುಲ್ಲು, ಪಂಪು, ತಗಡು

ತಗಡಿನ ಕೂಲರ್ ಗೊತ್ತಲ್ಲ? ಚೌಕಾಕಾರದ ದೊಡ್ಡ ಡಬ್ಬಿ. ಮೂರು ಕಡೆ ಜಾಲಿ ಬಾಗಿಲು, ಅದರೊಳಗೆ ಹುಲ್ಲು. ತಳದಲ್ಲಿ ನೀರಿನ ತೊಟ್ಟಿ, ತೊಟ್ಟಿಯಲ್ಲಿ ಅಂಗೈಯಷ್ಟು ಪಂಪು. ಪಂಪು ನೀರನ್ನು ಮೇಲಕ್ಕೆ ಏರಿಸುತ್ತದೆ, ಮೇಲಿನ ಕೊಳವೆಯ ತೂತುಗಳಿಂದ ನೀರು ಹುಲ್ಲಿನ ಮೇಲೆ ಇಳಿಯುತ್ತದೆ. ಎದುರಿಗೆ ಫ್ಯಾನು. ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮೂರು ಬದಿ ಕಿಟಕಿಯ ಹೊರಗೆ, ಮುಖ ಒಳಗೆ. ಗಾಳಿ ಎಲ್ಲಿಂದ ಬರುತ್ತದೆ ಎಂದು ಮಕ್ಕಳಿಗೂ ಹೇಳಿಕೊಡಬೇಕಿಲ್ಲ. ಅದು ಕೂತ ಜಾಗವೇ ಹೇಳುತ್ತದೆ. ತಪ್ಪಾಗಿ ಬಳಸಬೇಕೆಂದರೂ ಕಷ್ಟ, ಯಾಕೆಂದರೆ ಕಿಟಕಿ ಮುಚ್ಚಲು ಕೂಲರೇ ಅಡ್ಡ.

ಕೆಟ್ಟರೂ ಅಷ್ಟೇ. ಹುಲ್ಲಿನ ಒಂದು ಭಾಗ ಒಣಗಿ ಬಿಳಿಚಿಕೊಂಡರೆ ಮೇಲಿನ ತೂತಿಗೆ ಉಪ್ಪು ಕಟ್ಟಿದೆ ಅಂತ ಅರ್ಥ. ಬೋರ್ ನೀರಿನ ಮನೆಗಳಲ್ಲಿ ಇದು ಮಾಮೂಲು. ಸೂಜಿಯಿಂದ ಚುಚ್ಚಿದರೆ ಮುಗಿಯಿತು. ಹನಿ ಬೀಳುವ ಸದ್ದು ನಿಂತರೆ ಪಂಪು ನಿಂತಿದೆ. ಬಿಸಿ ಗಾಳಿ ಬಂದರೆ ತೊಟ್ಟಿ ಖಾಲಿ. ನಮ್ಮ ಅಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದಲ್ಲಿಂದಲೇ "ಕೂಲರ್‌ದಾಗ ನೀರ್ ಮುಗದಾವ ನೋಡ್ರೋ" ಎನ್ನುತ್ತಿದ್ದರು. ಫ್ಯಾನಿನ ಸದ್ದು ಬದಲಾಗಿದ್ದು ಅವರಿಗೆ ನಿದ್ದೆಗಣ್ಣಲ್ಲೂ ತಿಳಿಯುತ್ತಿತ್ತು. ಕಾಕಾನ ಹೊಸ ಕೂಲರ್‌ನಲ್ಲಿ ನೀರು ಕಡಿಮೆಯಾದರೆ ಒಂದು ಸಣ್ಣ ಕೆಂಪು ಚಿತ್ರ ಮಿಣುಕುತ್ತದೆ. ಅದು ನೀರಿನ ಹನಿಯೋ, ದೀಪವೋ, ಎಲೆಯೋ ನನಗೇ ಗೊತ್ತಾಗಲಿಲ್ಲ.

ಹಳೇದೆಲ್ಲ ಚಿನ್ನ ಎಂದು ಹಾಡುವ ಜಾತಿ ನನ್ನದಲ್ಲ. ತಗಡಿನ ಕೂಲರ್ ಎಂದರೆ ನೀರು, ಕರೆಂಟು, ಕಬ್ಬಿಣ ಮೂರೂ ಒಂದೇ ಕಡೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಜೀವ ತೆಗೆಯಬಲ್ಲದು. ಚಿಕ್ಕವರಿದ್ದಾಗ ಬರಿಗಾಲಲ್ಲಿ ಕೂಲರ್ ಮುಟ್ಟಿದರೆ ಬೈಗುಳ ಬೀಳುತ್ತಿತ್ತು. ಪ್ಲಾಸ್ಟಿಕ್ ಮೈ ಆ ಭಯವನ್ನು ಕಡಿಮೆ ಮಾಡಿದೆ. ಇದು ಸಣ್ಣ ಸುಧಾರಣೆ ಅಲ್ಲ. ನನ್ನ ತಕರಾರು ಪ್ಲಾಸ್ಟಿಕ್ ಬಗ್ಗೆ ಅಲ್ಲ, ಮುಖದ ಬಗ್ಗೆ ಮಾತ್ರ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಿಸೈನರ್, ಅದೂ ಈ ಸೀಮೆಯವನು ಎಂದರೆ ಬಿದ್ರಿ ಬಗ್ಗೆ ಬರೆಯುತ್ತಾನೆ ಎಂದು ಎಲ್ಲರೂ ಕಾಯುತ್ತಾರೆ. ಬೀದರ್ ಕೋಟೆಯ ಮಣ್ಣು, ಸತು-ತಾಮ್ರದ ಎರಕ, ಬೆಳ್ಳಿಯ ಎಳೆ, 2006ರಲ್ಲಿ ಬಂದ ಜಿಐ ಟ್ಯಾಗ್. ಬಿದ್ರಿ ಚಂದ, ಯಾರು ಇಲ್ಲ ಅಂದರು? ಆದರೆ ನಮ್ಮ ಬಹಳಷ್ಟು ಮನೆಗಳಲ್ಲಿ ಬಿದ್ರಿ ಹೂದಾನಿ ಶೋಕೇಸ್‌ನಲ್ಲಿ ಇರುತ್ತದೆ, ಕೂಲರ್ ಮೇ ತಿಂಗಳಿಡೀ ಓಡುತ್ತಿರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಮಡಚಿ, ಗಾಳಿ ಯಾವ ಕಡೆಯಿಂದ ಬರಬೇಕು, ಬಾಗಿಲು ಹೇಗೆ ಕಳಚಬೇಕು ಎಂದು ಯೋಚಿಸಿದವನೂ ಡಿಸೈನರ್ರೇ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಒಂದು ಲೆಕ್ಕ ನೋಡಿ. ಹೊರಗೆ 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವ ಶೇಕಡ 20 ಎಂದುಕೊಳ್ಳಿ. ನೀರು ಆವಿಯಾಗಿ ಆ ಗಾಳಿಯನ್ನು ಇಳಿಸಬಹುದಾದ ಕೊನೆಯ ಮಿತಿ ಸುಮಾರು 24 ಡಿಗ್ರಿ. ಹುಲ್ಲು ಚೆನ್ನಾಗಿ ನೆನೆದಿದ್ದರೆ ಕೂಲರ್ ಎದುರು 27-28ರ ಗಾಳಿ ಬರಬಹುದು. ಅದೂ ಎಸಿಯ ಕರೆಂಟಿನ ಸಣ್ಣ ಪಾಲಿನಲ್ಲಿ. ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ, ಅಲ್ಲಿಯ ಗಾಳಿ ಮೊದಲೇ ಹಸಿ. ನಮ್ಮ ಒಣ ಬಿಸಿಲಿಗೆ ಹೇಳಿ ಮಾಡಿಸಿದ ಯಂತ್ರ ಇದು. ಅಂಥದ್ದು ತನ್ನ ಕೆಲಸದ ಬಗ್ಗೆ ನಾಚಿಕೊಂಡು ಎಸಿಯ ವೇಷ ಹಾಕುವುದು ಯಾಕೆ? ಅಂಗಡಿಯಲ್ಲಿ ಚೆನ್ನಾಗಿ ಕಾಣಲಿ ಅಂತ, ಅಷ್ಟೇ. ಅಂಗಡಿಯಲ್ಲಿ ಐದು ನಿಮಿಷ ಕಾಣುವ ಚಂದಕ್ಕಾಗಿ ಮನೆಯಲ್ಲಿ ಐದು ವರ್ಷ ಸುಳ್ಳು ಹೇಳಿಸುತ್ತಾರೆ.

ಹಿಟ್ಟಿನ ಕೈ

ನಮ್ಮ ಅವ್ವನಿಗೆ ತಂಗಿ ಇಂಡಕ್ಷನ್ ಒಲೆ ತಂದುಕೊಟ್ಟಳು. ಅವ್ವ ಹೊಸದಕ್ಕೆ ಮೂಗು ಮುರಿಯುವವಳಲ್ಲ. ಹಾಲು, ಅನ್ನ, ಬೇಳೆ ಎಲ್ಲ ಅದರ ಮೇಲೆಯೇ. ಅವ್ವ ಒಲೆ ಬಳಸುವುದನ್ನು ಒಂದು ಬೆಳಗ್ಗೆ ನಿಂತು ನೋಡಿದೆ. ಒಂದು ಕಡೆ ಗ್ಯಾಸ್ ಮೇಲೆ ಹಂಚು, ಪಕ್ಕದಲ್ಲಿ ಇಂಡಕ್ಷನ್ ಮೇಲೆ ಬೇಳೆ. ಬಿಸಿನೀರು ಹಾಕಿ ಜೋಳದ ಹಿಟ್ಟು ನಾದುತ್ತಿದ್ದಳು. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟು. ಬೇಳೆ ಉಕ್ಕಲು ಬಂತು. ಗ್ಯಾಸ್ ಆಗಿದ್ದರೆ ಹಿಟ್ಟಿನ ಬೆರಳಲ್ಲೇ ಗುಂಡಿ ತಿರುವುತ್ತಿದ್ದಳು. ಇಲ್ಲಿ ಕೈ ಎತ್ತಿ, ತೋಳು ಮಡಚಿ, ಮೊಣಕೈಯನ್ನು ಮೈನಸ್ ಗುರುತಿನ ಮೇಲೆ ಒತ್ತಿದಳು. ಅದು ಪಕ್ಕದ ಟೈಮರ್‌ಗೂ ತಾಗಿತು. ಕೀಂಯ್ ಅಂತು. ಮತ್ತೆ ಒತ್ತಿದಳು. ಅಷ್ಟರಲ್ಲಿ ಬೇಳೆ ಉಕ್ಕಿ ಗಾಜಿನ ಮೇಲೆ ಹರಿಯಿತು. ನೀರು ತಾಗಿದ್ದೇ ಒಲೆ ಮೂರು ಸಲ ಕೂಗಿ ಬಂದ್ ಆಯಿತು. "ಇದಕ್ ಮೈ ಮುಟ್ಟಿದ್ರ ಸಿಟ್ಟು, ನೀರ್ ಮುಟ್ಟಿದ್ರ ಸಿಟ್ಟು" ಎಂದು ಅವ್ವ ಬಟ್ಟೆ ಹುಡುಕಿದಳು.

ಒಲೆಯದೂ ತಪ್ಪಿಲ್ಲ. ಆ ಗಾಜಿನ ಕೆಳಗೆ ಸಣ್ಣ ಲೋಹದ ಹಾಳೆಗಳಿರುತ್ತವೆ, ಅವುಗಳ ಸುತ್ತ ವಿದ್ಯುತ್ ಕ್ಷೇತ್ರ. ನಮ್ಮ ಬೆರಳು ಹತ್ತಿರ ಬಂದರೆ ಆ ಕ್ಷೇತ್ರ ಬದಲಾಗುತ್ತದೆ, ಒಲೆ ಅದನ್ನು ಲೆಕ್ಕ ಹಾಕುತ್ತದೆ. ನೀರೂ ಹಾಗೆಯೇ ಬದಲಾಯಿಸುತ್ತದೆ. ಒದ್ದೆ ಹಿಟ್ಟೂ ಅಷ್ಟೇ. ಯಾವುದು ಬೆರಳು, ಯಾವುದು ಬೇಳೆಸಾರು ಎಂದು ತಿಳಿಯದೆ ಒಲೆ ಸುಮ್ನೆ ಬಂದ್ ಆಗುವುದೇ ಕ್ಷೇಮ ಎಂದು ಮಾಡಿರುತ್ತಾರೆ. ಸರಿಯೇ. ಆದರೆ ಅಡುಗೆಮನೆಯಲ್ಲಿ ಒಣ ಕೈ ಎಷ್ಟು ಹೊತ್ತು ಸಿಗುತ್ತದೆ? ಒಣ ಕೈ ಬೇಡುವ ಒಲೆಯನ್ನು ಚಿತ್ರಿಸಿದವರು ಚಿತ್ರಿಸುವಾಗ ಹಿಟ್ಟು ನಾದಿರಲಿಕ್ಕಿಲ್ಲ.

ರೊಟ್ಟಿಯ ಕಥೆ ಬೇರೆ. ಅದು ಇಂಡಕ್ಷನ್ ಮೇಲೆ ಆಗುವುದೇ ಇಲ್ಲ. ನಮ್ಮ ಹಂಚು ನಡುವೆ ತಗ್ಗು, ಗಾಜಿಗೆ ತಾಗುವುದು ನಡುವಿನ ಒಂದು ಬಿಲ್ಲೆಯಷ್ಟು ಜಾಗ ಮಾತ್ರ, ಅಂಚು ಕಾಯುವುದಿಲ್ಲ. ಅದೂ ಅಲ್ಲದೆ ರೊಟ್ಟಿಯನ್ನು ಕೊನೆಗೆ ಉರಿಯ ಮೇಲೆ ಇಟ್ಟು ಉಬ್ಬಿಸಬೇಕು. ಇಂಡಕ್ಷನ್‌ಗೆ ಉರಿಯೇ ಇಲ್ಲ. ಹಾಗಾಗಿ ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಅದು ಯಾವಾಗಲೂ ಎರಡನೇ ಒಲೆ. ಇದಕ್ಕೆ ನನ್ನ ತಕರಾರಿಲ್ಲ. ಗುಂಡಿಯ ಬಗ್ಗೆ ಇದೆ.

ಗುಂಡಿ, ನಾಬ್ ಹೋಗಿ ಗಾಜು ಬಂದಿದ್ದಕ್ಕೆ ಕಾರಣ ಚಂದ ಒಂದೇ ಅಲ್ಲ. ದುಡ್ಡು. ತಿರುಗುವ ಭಾಗ ಬೇಡ, ತೂತು ಬೇಡ, ಸವೆಯುವ ಸ್ಪ್ರಿಂಗ್ ಬೇಡ. ಒಂದೇ ಹಲಗೆಯ ಮೇಲೆ ಬೇರೆ ಬೇರೆ ಗುರುತು ಅಚ್ಚು ಹಾಕಿದರೆ ಹಲವು ಮಾಡೆಲ್ ಆಗುತ್ತವೆ. ಮಾಡುವವನಿಗೆ ಅಗ್ಗ, ಮಾರುವವನಿಗೆ ಹೊಸದು. ಮಿಕ್ಸರ್ ನೋಡಲು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರದ ಒಂದು ಅಂಗಡಿಗೆ ಹೋಗಿದ್ದೆ. "ತಿರುಗಿಸೋ ನಾಬ್ ಇರೋದು ತೋರ್ಸ್ರಿ" ಎಂದೆ. ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಕಮ್ಮಿ ರೇಟಿಂದು ರೀ ಸರ್, ನಿಮಗ ಟಚ್ ತೋರಸ್ತೀನಿ" ಎಂದ. ನಾಬ್ ಈಗ ಬಡವರ ಗುರುತು. ಶೇಂಗಾ ಹಿಂಡಿ ಕುಟ್ಟುವಾಗ ಎಡಕ್ಕೆ ತಿರುವಿ ತಿರುವಿ ಬಿಡುವ ಸುಖ ಟಚ್‌ನಲ್ಲಿ ಎಲ್ಲಿದೆ ಸ್ವಾಮಿ?

ಹೊರಗಿನ ಜಗತ್ತು ಈ ವಿಷಯದಲ್ಲಿ ಪೆಟ್ಟು ತಿಂದು ಹಿಂದೆ ಬರುತ್ತಿದೆ. 2017ರ ಆಗಸ್ಟ್‌ನಲ್ಲಿ ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ಟ್ಯಾಂಕರ್‌ಗೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ಹಡಗು ನಡೆಸುವ ಟಚ್ ಸ್ಕ್ರೀನ್‌ನಲ್ಲಿ ಗೊಂದಲ ಆಗಿದ್ದು ತನಿಖೆಯಲ್ಲಿ ಹೊರಬಂತು. ಆಮೇಲೆ ಅಲ್ಲಿಯ ನೌಕಾಪಡೆ ಕೈಯಲ್ಲಿ ಹಿಡಿದು ತಳ್ಳುವ ಹಳೇ ಹಿಡಿಕೆಗಳನ್ನೇ ವಾಪಸ್ ತರಲು ತೀರ್ಮಾನಿಸಿತು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್ ಇಂಥವಕ್ಕೆ ನಿಜವಾದ ಬಟನ್ ಇದ್ದರೆ ಮಾತ್ರ ಪೂರ್ತಿ ಅಂಕ ಎನ್ನುತ್ತಿದೆ. ಅಡುಗೆಮನೆಯ ಗುಂಡಿಗಳಿಗೆ ಸ್ಟಾರ್ ಕೊಡುವವರು ಯಾರೂ ಇಲ್ಲ.

ವೈರು, ಬಿಸಿಲು

ಮುಖ ನೋಡಿ ಮೋಸ ಹೋಗುವ ಸಾಮಾನುಗಳಲ್ಲಿ ನನ್ನ ಪ್ರಕಾರ ಮೊದಲ ಬಹುಮಾನ ಯುಎಸ್‌ಬಿ-ಸಿ ವೈರಿಗೆ. 2014ರಲ್ಲಿ ಬಂದ ಇದು ಒಳ್ಳೆಯ ಉದ್ದೇಶದ್ದೇ. ಉಲ್ಟಾ ಸೀದಾ ಇಲ್ಲ, ಕತ್ತಲಲ್ಲೂ ಚುಚ್ಚಬಹುದು. 2024ರ ಡಿಸೆಂಬರ್ 28ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಫೋನ್‌ಗಳಿಗೆಲ್ಲ ಇದೇ ತೂತು ಕಡ್ಡಾಯ. ಆ ಕಾನೂನಿನ ಪುಣ್ಯ ನಮ್ಮ ಮನೆಯ ಡ್ರಾಯರ್‌ಗೂ ತಟ್ಟಿದೆ. ಆದರೆ ನಾಲ್ಕು ವೈರು ಪಕ್ಕ ಪಕ್ಕ ಇಡಿ. ನಾಲ್ಕೂ ಒಂದೇ ತರಹ ಕಾಣುತ್ತವೆ. ಒಂದು 60 ವ್ಯಾಟ್ ಹೊರುತ್ತದೆ, ಇನ್ನೊಂದು ಒಳಗೆ ಸಣ್ಣ ಚಿಪ್ ಇಟ್ಟುಕೊಂಡು 240 ವ್ಯಾಟ್ ಹೊರುತ್ತದೆ. ಒಂದು ವೈರು ಸೆಕೆಂಡಿಗೆ 480 ಮೆಗಾಬಿಟ್ ಡೇಟಾ ಸಾಗಿಸಿದರೆ ಇನ್ನೊಂದು 40 ಗಿಗಾಬಿಟ್. ಮೈಮೇಲೆ ಗುರುತು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಒಳ್ಳೆಯ ವೈರಿಗೆ ಕೆಂಪು ದಾರ ಕಟ್ಟಿದ್ದೇವೆ. ಎಷ್ಟೋ ಕೋಟಿ ಖರ್ಚು ಮಾಡಿ ರೂಪಿಸಿದ ವಸ್ತುವಿಗೆ ಕೊನೆಯ ಡಿಸೈನ್ ನಮ್ಮ ಅವ್ವನ ಹೊಲಿಗೆ ಡಬ್ಬಿಯಿಂದ ಬಂತು.

ಬಿಸಿಲಿನ ಮಾತಿಗೆ ಬಂದರೆ, ಆ್ಯಪಲ್ ತನ್ನ ಐಫೋನ್ ಬಳಸಲು ಹೇಳುವ ವಾತಾವರಣ 0ರಿಂದ 35 ಡಿಗ್ರಿ. ಬಹುತೇಕ ಫೋನ್‌ಗಳ ಒಳಗಿನ ಲಿಥಿಯಂ ಬ್ಯಾಟರಿಗೂ ಅದಕ್ಕಿಂತ ಜಾಸ್ತಿ ಬಿಸಿ ಹಿಡಿಸುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳು ಬಹುತೇಕ ಆ ಮಿತಿಯ ಹೊರಗೆ. ಸೇಡಂ ರಸ್ತೆಯಲ್ಲಿ ಒಬ್ಬ ಡೆಲಿವರಿ ಹುಡುಗ ವಿಳಾಸ ಕೇಳಲು ನಿಂತಿದ್ದ. ಬೈಕ್ ಹ್ಯಾಂಡಲ್‌ಗೆ ಫೋನು. ಫೋನು ಕಾದರೆ ತನ್ನನ್ನು ಉಳಿಸಿಕೊಳ್ಳಲು ಸ್ಕ್ರೀನ್ ಬೆಳಕು ಇಳಿಸುತ್ತದೆ. ಬಿಸಿಲಿಗೆ ಕಣ್ಣು ಕುಕ್ಕುವಾಗ ಬೆಳಕು ಜಾಸ್ತಿ ಬೇಕು, ಅದೇ ಹೊತ್ತಿಗೆ ಅದು ಕಡಿಮೆಯಾಗುತ್ತದೆ. ಅವನು ಪಾರ್ಸೆಲ್ ಡಬ್ಬಿಯ ರಟ್ಟು ಕತ್ತರಿಸಿ, ಮಡಚಿ, ಫೋನಿನ ಮೇಲೆ ಸಣ್ಣ ಚಪ್ಪರ ಹಾಕಿದ್ದ. ರಟ್ಟಿಗೆ ಹಿಂದಿನಿಂದ ಎರಡು ತೂತು, ಗಾಳಿ ಆಡಲಿ ಅಂತ. "ಇಲ್ಲಂದ್ರ ಮ್ಯಾಪೇ ಕಾಣಂಗಿಲ್ರಿ" ಎಂದ. ನಾನು ಫೋಟೊ ತೆಗೆದುಕೊಂಡೆ. ಬೆಂಗಳೂರಿನ ನನ್ನ ಟೀಮಿಗೆ ಕಳಿಸಿದೆ. ಎಲ್ಲರೂ ನಗುವ ಇಮೋಜಿ ಹಾಕಿದರು.

ಮಾತಾಡುವ ಡಬ್ಬಿ

ಇಷ್ಟೆಲ್ಲ ದೂರಿದ ಮೇಲೆ ಮೆಚ್ಚಿದ್ದನ್ನೂ ಹೇಳಬೇಕು. ಈ ಹತ್ತು ವರ್ಷದಲ್ಲಿ ಬಂದ ಸಾಮಾನುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಂಗಡಿಗಳ ಸೌಂಡ್‌ಬಾಕ್ಸ್. ಯುಪಿಐ ಬಂದಿದ್ದು 2016ರಲ್ಲಿ. ಮೊದಮೊದಲು ವ್ಯಾಪಾರಿಗಳು ಗಿರಾಕಿಯ ಫೋನ್‌ಗೆ ಇಣುಕಿ ನೋಡಬೇಕಿತ್ತು, ಇಲ್ಲಾ ತಮ್ಮ ಮೆಸೇಜ್ ತೆಗೆದು ನೋಡಬೇಕಿತ್ತು. ಹಳೇ ಸ್ಕ್ರೀನ್‌ಶಾಟ್ ತೋರಿಸಿ ನಡೆದುಬಿಡುವವರಿಗೂ ಬರ ಇರಲಿಲ್ಲ. ಆಮೇಲೆ ಈ ಡಬ್ಬಿ ಬಂತು. ಒಳಗೊಂದು ಸಿಮ್, ಒಂದು ಬ್ಯಾಟರಿ, ಒಂದು ಸ್ಪೀಕರ್. ದುಡ್ಡು ಜಮಾ ಆದ ಸುದ್ದಿ ಕಂಪನಿಯ ಸರ್ವರ್‌ನಿಂದ ನೇರ ಡಬ್ಬಿಗೆ ಬರುತ್ತದೆ, ಡಬ್ಬಿ ಕೂಗಿ ಹೇಳುತ್ತದೆ. ನಡುವೆ ವ್ಯಾಪಾರಿಯ ಫೋನ್ ಬೇಕಾಗಿಯೇ ಇಲ್ಲ. ಕೈ ಒದ್ದೆ ಇದ್ದರೂ ಕಿವಿ ಖಾಲಿ ಇರುತ್ತದೆ ಎಂದು ಯಾರಿಗೋ ಹೊಳೆಯಿತು. ಅವರಿಗೆ ನನ್ನ ಶರಣು. ಬದಿಯಲ್ಲಿ ದಪ್ಪ ಪ್ಲಸ್, ಮೈನಸ್ ಬಟನ್, ನೋಡದೆಯೇ ಒತ್ತಬಹುದು. ಫೋನ್‌ಪೇ ಡಬ್ಬಿಯಲ್ಲಿ ಕಿಚ್ಚ ಸುದೀಪ್ ದನಿಯೂ ಸಿಗುತ್ತದೆ. ಅದು ಶೋಕಿ, ಇರಲಿ ಬಿಡಿ.

ಕಣ್ಣಿ ಮಾರ್ಕೆಟ್‌ನಲ್ಲಿ ಸಂಜೆ ಹೊತ್ತು ನಿಂತು ಕೇಳಿ. ನಾಲ್ಕೂ ಕಡೆ ಡಬ್ಬಿಗಳು ಕೂಗುತ್ತಿರುತ್ತವೆ. ಒಂದು ಕನ್ನಡ, ಒಂದು ಹಿಂದಿ, ಇನ್ನೊಂದು ಇಂಗ್ಲಿಷ್. ಆದರೂ ಯಾವ ವ್ಯಾಪಾರಿಯೂ ಗೊಂದಲ ಮಾಡಿಕೊಳ್ಳುವುದಿಲ್ಲ. ನಾನು ಪುಂಡಿಪಲ್ಯ ಕೊಳ್ಳುವ ಒಬ್ಬ ಅಜ್ಜಿ ಇದ್ದಾಳೆ. ಹಸಿ ಗೋಣಿಚೀಲದ ಮೇಲೆ ಪುಂಡಿ, ಮೆಂತೆ, ಸಬ್ಬಸಿಗೆ ಸಿವುಡು. ಒಂದು ಕೈಯಿಂದ ನೀರು ಚಿಮುಕಿಸುತ್ತ ಇನ್ನೊಂದು ಕೈಯಿಂದ ಕೊಡುತ್ತಾಳೆ. ಅವಳ ಡಬ್ಬಿ ಪಾರದರ್ಶಕ ಕ್ಯಾರಿಬ್ಯಾಗ್‌ನಲ್ಲಿ ಸುತ್ತಿ ಛತ್ರಿಯ ಕಡ್ಡಿಗೆ ನೇತುಹಾಕಿದೆ, ಅವಳ ಬಲ ಕಿವಿಯ ಪಕ್ಕಕ್ಕೆ. ನೀರು ತಾಗಬಾರದು, ಧೂಳು ಹೋಗಬಾರದು, ದನಿ ಮಾತ್ರ ಬರಬೇಕು. ಸ್ಪೀಕರ್ ಇರುವ ಕಡೆ ಬ್ಯಾಗಿಗೆ ಬೀಡಿ ತಾಗಿಸಿ ಸುಟ್ಟ ಸಣ್ಣ ಸಣ್ಣ ತೂತುಗಳು. ಪಕ್ಕದವನ ಡಬ್ಬಿ ಕೂಗಿದರೆ ತಲೆ ಎತ್ತುವುದೇ ಇಲ್ಲ. ತನ್ನದು ಕೂಗಿದರೆ ಗಿರಾಕಿಗೆ ಕೈಸನ್ನೆಯಲ್ಲೇ "ಹೋಗು" ಎನ್ನುತ್ತಾಳೆ.

ನಾನು ಮೆಚ್ಚಿ ಮಾತಾಡಿಸಿದೆ. "ಅವ್ವಾ, ಇದು ಬಂದಮ್ಯಾಲ ಆರಾಮ ಆಯ್ತಲ್ಲ? ಫೋನ್ ನೋಡೋ ಕೆಲಸ ಇಲ್ಲ."

"ಫೋನ್ ನನ್ ಬಲ್ಲಿ ಎಲ್ಲದ? ಮಗನ ಬಲ್ಲಿ ಅದ. ಡಬ್ಬಿ ಅಷ್ಟ ನನ್ ಬಲ್ಲಿ."

ಇದು ಡಬ್ಬಿಯ ಇನ್ನೊಂದು ಗುಣ ಎಂದು ಮನಸ್ಸಲ್ಲೇ ಬರೆದುಕೊಂಡೆ. ಫೋನ್ ಇಲ್ಲದವರಿಗೂ ಆಗುವ ಸಾಮಾನು. ಆಫೀಸಿನ ಮೀಟಿಂಗ್‌ನಲ್ಲಿ ಹೇಳಬಹುದು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಖಾತೇನೂ ಅವಂದೇ. ಇದು ಇಪ್ಪತ್ತ್ ಬಂತು, ಮೂವತ್ತ್ ಬಂತು ಅಂತ ನನ್ ಕಿವ್ಯಾಗ ಒದರತದ. ರೊಕ್ಕ ಅವನ ಬಲ್ಲಿ ಹೋಗತದ. ಸಂಜಿಗಿ ಕೇಳಿದ್ರ, ಪೆಟ್ರೋಲ್ ಹಾಕ್ಸೀನಿ ಅಂತಾನ."

ಡಬ್ಬಿಯ ಮುಖದಲ್ಲಿ ಇದೆಲ್ಲ ಎಲ್ಲಿ ಕಾಣಬೇಕು? ಅದು ಅಂಗಡಿಯವರಿಗೆ ದುಡ್ಡು ಬಂತು ಎನ್ನುತ್ತದೆ. ಅಂಗಡಿಯಲ್ಲಿ ಕೂತವರು, ಖಾತೆ ಇರುವವರು ಬೇರೆ ಬೇರೆ ಇರಬಹುದು ಎಂದು ಅದಕ್ಕೆ ಗೊತ್ತಿಲ್ಲ. ಅವಳ ಹೆಸರಲ್ಲೇ ಖಾತೆ ತೆಗೆಸಬಹುದಲ್ಲ ಎಂದೆ. "ತಗಸ್ತೀನಿ ತಗೋ" ಎಂದಳು, ತೆಗೆಸುವವರ ದನಿಯಲ್ಲಿ ಅಲ್ಲ. ನಾನು ಎರಡು ಸಿವುಡು ಪುಂಡಿಪಲ್ಯ ಚೀಲಕ್ಕೆ ಹಾಕಿಕೊಂಡು, ಕ್ಯೂಆರ್ ಹಲಗೆಯ ಕಡೆ ಫೋನ್ ಎತ್ತಿದೆ. ಅವಳು ಒದ್ದೆ ಕೈ ಅಡ್ಡ ಹಿಡಿದಳು.

"ಚಿಲ್ಲರ ಇಲ್ಲೇನ್ ನಿನ್ ಬಲ್ಲಿ?"

ಜೇಬಲ್ಲಿ ಒಂದು ಇಪ್ಪತ್ತರ ನೋಟು ಇತ್ತು. ಕೊಟ್ಟೆ. ಅದನ್ನು ಮಡಚಿ ಸೊಂಟದ ಸಂಚಿಗೆ ಸೇರಿಸಿ, ಮೇಲೊಂದು ಹಿಡಿ ಮೆಂತೆ ನನ್ನ ಚೀಲಕ್ಕೆ ಹಾಕಿದಳು.